ಅಪ್ಪನ ಕೋವಿ ಯಾರಿಗೆ, ಹೇಗೆ?

ನಾನು ಹೈದರಾಬಾದಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೀನಿ. ಊರು ಕೊಪ್ಪ ತಾಲ್ಲೂಕು, ಅಡಿಕೆ ತೋಟದ ಮನೆ. ನನ್ನ ಹಾಗೆ ಮಲೆನಾಡು, ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ ಬಿಟ್ಟು ಬಂದವರು ಇದನ್ನ ನೋಡ್ತಾ ಇರೋರಲ್ಲಿ ತುಂಬ ಜನ ಇದ್ದೀರಿ ಅಂತ ಗೊತ್ತು. ನಿಮ್ಮಲ್ಲಿ ಎಷ್ಟೋ ಜನರ ಊರಮನೆಯಲ್ಲಿ ಒಂದು ಕೋವಿ ಇದೆ. ಹಂದಿ, ಮಂಗನ ಕಾಟಕ್ಕೆ ಅಂತ ಅಜ್ಜನೋ ಅಪ್ಪನೋ ಬೆಳೆ ರಕ್ಷಣೆಗೆ ಲೈಸೆನ್ಸ್ ಮಾಡಿಸಿದ್ದು. ಅಪ್ಪ ಹೋದ ಮೇಲೆ ಅದರ ಗತಿ ಏನು? ಬೇರೆ ರಾಜ್ಯದಲ್ಲಿರೋ ಮಗನೋ ಮಗಳೋ ಅದನ್ನ ತಗೊಳ್ಳಬಹುದಾ? ಇವತ್ತಿನ ಮಾತು ಅಷ್ಟೇ. ನಾನು ವಕೀಲೆ ಅಲ್ಲ, ಆ ದಾರಿ ಪೂರ್ತಿ ನಡೆದವಳು.

ಮೊದಲು ಒಂದು ವಿಷಯ ಮನಸ್ಸಿಗೆ ಹಾಕಿಕೊಳ್ಳಿ. ಲೈಸೆನ್ಸ್ ಇರೋದು ಮನುಷ್ಯನಿಗೆ, ಮನೆಗಲ್ಲ. ತೋಟ, ಮನೆ, ಬಂಗಾರದ ಹಾಗೆ ಕೋವಿಯ ಮೇಲೂ ವಾರಸುದಾರರಿಗೆ ಹಕ್ಕು ಬರುತ್ತೆ. ಆದರೆ ಹಕ್ಕು ಬೇರೆ, ಕೈಯಲ್ಲಿ ಇಟ್ಟುಕೊಳ್ಳೋದು ಬೇರೆ. ಲೈಸೆನ್ಸುದಾರ ತೀರಿಕೊಂಡ ದಿನದಿಂದ ಆ ಕೋವಿಗೆ ಮನೆಯಲ್ಲಿ ಯಾರ ಹೆಸರಿನ ಲೈಸೆನ್ಸೂ ಇರಲ್ಲ. 1959ರ ಆಯುಧ ಕಾಯ್ದೆಯ 21ನೇ ಕಲಂ ಹೇಳೋದು ಇಷ್ಟು: ಹೀಗಾದಾಗ ಅನಾವಶ್ಯಕ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಷರತ್ತಿಗೆ ಒಳಪಟ್ಟು ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯ ಹತ್ತಿರ ಠೇವಣಿ ಇಡಬೇಕು. ಇಡದೆ ಹಾಗೇ ಮನೆಯಲ್ಲಿ ಇಟ್ಟುಕೊಂಡರೆ? 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಈಗ ಯೋಚನೆ ಮಾಡಿ. ಊರಲ್ಲಿ ಒಬ್ಬರೇ ಇರೋದು ಅಮ್ಮ. ಬೀರುವಿನ ಹಿಂದೆ ಕೋವಿ. ನಾಳೆ ಠಾಣೆಯವರು ಬಂದು ಕೇಳಿದರೆ ಉತ್ತರ ಕೊಡಬೇಕಾದವರು ಯಾರು?

ನಮ್ಮ ಮನೆಯಲ್ಲಿ ಹದಿಮೂರನೇ ದಿನದ ಊಟ ಮುಗಿದ ಮೇಲೆ ಈ ಮಾತು ಎದ್ದಿತು. ಪುಣೆಯಲ್ಲಿರೋ ಅಣ್ಣ, "ಕಾರಿನ ಡಿಕ್ಕಿಯಲ್ಲಿ ಹಾಕ್ಕೊಂಡು ಹೋಗ್ತೀನಿ ಬಿಡಿ, ಅಪ್ಪನ ಕೋವಿ ತಾನೆ" ಅಂದ. ದೊಡ್ಡಪ್ಪ, "ಹೌದು, ಕೋವಿ ಹಿರೇಮಗನಿಗೆ ಸೇರಬೇಕು" ಅಂದರು. ನಾನು ಬೇಡ ಅಂದೆ. ಎರಡಕ್ಕೂ.

ಡಿಕ್ಕಿ ವಿಷಯ ಮೊದಲು. ಕಾಯ್ದೆಯ 3ನೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಲೈಸೆನ್ಸುದಾರ ಜೊತೆಗಿದ್ದರೆ, ಅಥವಾ ಬರೆದುಕೊಟ್ಟಿದ್ದರೆ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಬೇರೆಯವರು ಕೋವಿ ಒಯ್ಯಬಹುದು. ಊರಲ್ಲಿ ಎಲ್ಲರಿಗೂ ಇದು ಅರ್ಧಂಬರ್ಧ ಗೊತ್ತು, ಅದಕ್ಕೇ ಧೈರ್ಯ. ಆದರೆ ಬರೆದುಕೊಡೋಕೆ ಲೈಸೆನ್ಸುದಾರರೇ ಇಲ್ಲವಲ್ಲ! ನಿಪ್ಪಾಣಿ ಹತ್ತಿರ ಗಡಿಯಲ್ಲಿ ಗಾಡಿ ನಿಲ್ಲಿಸಿದರೆ "ಅಪ್ಪನದು ಸಾರ್" ಅನ್ನೋ ಮಾತಿಗೆ ಬೆಲೆ ಇಲ್ಲ.

ಹಾಗಾಗಿ ಮಾರನೇ ದಿನವೇ ತಮ್ಮ ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿದ. ಅವರು ಹೇಳಿದ ಹಾಗೆ ಕೋವಿ, ಉಳಿದಿದ್ದ ತೋಟಾ, ಅಪ್ಪನ ಲೈಸೆನ್ಸ್ ಪುಸ್ತಕ ಎಲ್ಲ ಒಪ್ಪಿಸಿ ರಸೀದಿ ತಗೊಂಡ್ವಿ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೋವಿ ಕೊಟ್ಟು ರೂಢಿ ಇರೋ ಊರು ನಮ್ಮದು, ಅಮ್ಮನಿಗೆ ಅದು ಹೊಸದಲ್ಲ. ರಸೀದಿಯಲ್ಲಿ ಕೋವಿಯ ನಂಬರು, ಒಂಟಿನಳಿಗೆಯೋ ಜೋಡುನಳಿಗೆಯೋ, ತೋಟಾ ಎಷ್ಟು, ಎಲ್ಲ ಬರೆಸಿಕೊಳ್ಳಿ. ಠೇವಣಿ ಇಟ್ಟರೆ ಕೋವಿ ಹೋಯಿತು ಅಂತಲ್ಲ. ವಾರಸುದಾರರು ನಿಗದಿತ ಅವಧಿಯೊಳಗೆ ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಅಥವಾ ಮಾರಬಹುದು. ಆದರೆ ಕೇಳೋರೇ ಇಲ್ಲ ಅಂತಾದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದಕ್ಕೆ ಅರ್ಜಿ ಬಾಕಿ ಇದೆ ಅಂತ ಠಾಣೆಗೆ ಆಗಾಗ ಬರೆದು ತಿಳಿಸ್ತಾ ಇರಿ.

ಇನ್ನು ಯಾರಿಗೆ ಅನ್ನೋದು. ದೊಡ್ಡಪ್ಪನ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ. ಮಗಳೂ ವಾರಸುದಾರಳೇ. ಅಣ್ಣ ಜೀವಮಾನದಲ್ಲಿ ಒಂದು ಈಡು ಹೊಡೆದವನಲ್ಲ. ಎನ್‌ಸಿಸಿಯಲ್ಲಿ ರೈಫಲ್ ಹಿಡಿದಿದ್ದು, ಅಪ್ಪನ ಜೊತೆ ಕೂತು ನಳಿಗೆಗೆ ಎಣ್ಣೆ ಬಟ್ಟೆ ಎಳೆದಿದ್ದು ನಾನು. ಅಮ್ಮ ಒಂದೇ ಮಾತು ಹೇಳಿದರು: "ಯಾರು ಜೋಪಾನ ಮಾಡ್ತೀರೋ ಅವರು ತಗೊಳ್ಳಿ." ಅಣ್ಣ ಎರಡು ತಿಂಗಳು ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ಪುಣೆಯಲ್ಲಿ ನೋಟರಿ ಹತ್ತಿರ ಒಪ್ಪಿಗೆ ಅಫಿಡವಿಟ್ ಮಾಡಿಸಿ ಕಳಿಸಿದ. ಆ ಲಕೋಟೆ ಬಂದ ದಿನ ನನಗೆ ಲೈಸೆನ್ಸ್ ಬಂದಷ್ಟೇ ಸಮಾಧಾನ ಆಯಿತು.

2016ರ ಆಯುಧ ನಿಯಮಗಳ 25ನೇ ನಿಯಮ ವಾರಸುದಾರರ ಬಗ್ಗೆಯೇ ಇದೆ. ತೀರಿಕೊಂಡ ಮೇಲೆ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ಬದುಕಿದ್ದಾಗಲೂ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಅವರೇ ಸೂಚಿಸಿದ ವಾರಸುದಾರರಿಗೆ ಕೊಡಬಹುದು. ಅಪ್ಪ ಗಟ್ಟಿಯಾಗಿರುವಾಗಲೇ ಮುಗಿಸಿಬಿಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಅರ್ಜಿ ಎಲ್ಲಿ? ನೀವು ವಾಸ ಇರೋ ಊರಲ್ಲಿ. ಹೈದರಾಬಾದ್, ಮುಂಬೈ, ಪುಣೆ, ಚೆನ್ನೈಯಂಥ ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ. ನಾನು ಕೊಟ್ಟ ಕಾಗದ: ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಠೇವಣಿ ರಸೀದಿ, ಅಪ್ಪನ ಲೈಸೆನ್ಸ್ ನಕಲು, ನನ್ನ ವಿಳಾಸದ ದಾಖಲೆ, ಕೋವಿ ಬಳಕೆಯ ಸುರಕ್ಷತಾ ತರಬೇತಿಯ ಪತ್ರ. (ದೊಡ್ಡಪ್ಪನ ಸಹಿ ಯಾರೂ ಕೇಳಲಿಲ್ಲ!) ವಯಸ್ಸು 21 ಆಗಿರಬೇಕು. ಒಬ್ಬರ ಹೆಸರಲ್ಲಿ ಈಗ ಎರಡೇ ಬಂದೂಕು, ಪಿತ್ರಾರ್ಜಿತ ಆದರೂ ಅಷ್ಟೇ. ಪೊಲೀಸ್ ವರದಿ ಆಗಲೇಬೇಕು.

ಒಂದು ಸೂಕ್ಷ್ಮ. ಅಪ್ಪನ ಲೈಸೆನ್ಸ್ ಬೆಳೆ ರಕ್ಷಣೆಗೆ. ಫ್ಲ್ಯಾಟಿನಲ್ಲಿ ಇರೋರು ಅದೇ ಕಾರಣ ಬರೆದರೆ ನಗ್ತಾರೆ. ವಾರಸಿನ ಕೋವಿ ಅಂತ ಇದ್ದದ್ದನ್ನ ಇದ್ದ ಹಾಗೆ ಬರೆಯಿರಿ. ನನ್ನ ಫೈಲು ಒಂದು ಕಡೆ ಮೂರು ತಿಂಗಳು ಅಲುಗಾಡಲಿಲ್ಲ. ಬಾಯಿಮಾತಿಗೆ ಹೋಗಬೇಡಿ, ಬರೆದು ಕೇಳಿ. ನಿರಾಕರಿಸಿದರೆ ಕಾರಣ ಕೇಳಿ ಪಡೆಯಬಹುದು, 18ನೇ ಕಲಂ ಪ್ರಕಾರ ಮೇಲ್ಮನವಿಯೂ ಇದೆ.

ಲೈಸೆನ್ಸ್ ಬಂತು ಅಂತ ಆ ರಾತ್ರಿಯೇ ಊರಿಗೆ ಬಸ್ಸು ಹತ್ತಬೇಡಿ. ಅದು ಯಾವ ಪ್ರದೇಶಕ್ಕೆ ಅಂತ ಮೊದಲು ಓದಿ. ಬರೀ ತೆಲಂಗಾಣಕ್ಕೆ ಕೊಟ್ಟಿದ್ದರೆ ಕೊಪ್ಪದ ಠಾಣೆಯಿಂದ ಹೊರಗೆ ಇಡೋ ಮೊದಲ ಹೆಜ್ಜೆಗೇ ಅದು ಸಾಲದು. ಬಳ್ಳಾರಿ, ಕರ್ನೂಲು ದಾರಿ ಹಿಡಿದರೆ ನಡುವೆ ಆಂಧ್ರವೂ ಬರುತ್ತೆ. ತರುವ ದಾರಿ ಪೂರ್ತಿಗೆ ಬರಹದಲ್ಲಿ ಅನುಮತಿ ಪಡೆದೇ ಹೊರಡಿ. ಕೋವಿ ಖಾಲಿ ಇರಲಿ, ಚೀಲದಲ್ಲಿರಲಿ, ತೋಟಾ ಬೇರೆ ಇರಲಿ. ಮನೆ ಮುಟ್ಟಿದ ಮೇಲೆ ಠಾಣೆಗೆ ತೋರಿಸಿ ನಂಬರು ದಾಖಲೆ ಮಾಡಿಸಿ. ಲೈಸೆನ್ಸ್ ಈಗ 5 ವರ್ಷಕ್ಕೆ, ನವೀಕರಣದ ತಾರೀಖು ಬರೆದಿಟ್ಟುಕೊಳ್ಳಿ.

ಕೊಡಗಿನವರಿಗೆ ಎರಡು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟೂ 2021ರಲ್ಲಿ ಅದನ್ನ ಎತ್ತಿಹಿಡಿದಿದೆ. ಆದರೂ ಅಪ್ಪನ ಹೆಸರಿನ ವಿನಾಯಿತಿ ಪತ್ರ ಹಿಡಿದು ಕೋವಿಯನ್ನ ಮುಂಬೈಗೆ ತರಬೇಡಿ. ನಿಮ್ಮ ಹೆಸರಿಗೆ ಪತ್ರ ಮಾಡಿಸಿ, ಜಿಲ್ಲೆಯ ಹೊರಗೆ ಒಯ್ಯುವ ಷರತ್ತು ಓದಿ, ಇಲ್ಲಿಯ ಪೊಲೀಸರಿಗೆ ತಿಳಿಸಿ. ಕೈಲ್‌ಪೊಳ್ದಿಗೆ ಪೂಜೆ ಆಗೋ ಕೋವಿ ನಿಮಗೆ ದೇವರ ಸಮಾನ, ಆದರೆ ಮುಂಬೈಯಲ್ಲಿ ನಾಕಾಬಂದಿ ಮಾಡೋ ಪೊಲೀಸನಿಗೆ ಅದು ಒಂದು ಬಂದೂಕು, ಅಷ್ಟೇ.

ಇಷ್ಟೆಲ್ಲ ಯಾಕೆ, ನಮಗೆ ಬೇಡ ಅನ್ನಿಸಿದರೆ ಅದೂ ಒಳ್ಳೆ ತೀರ್ಮಾನವೇ. ಠೇವಣಿಯಲ್ಲಿರುವಾಗಲೇ ಲೈಸೆನ್ಸ್ ಇರೋ ವ್ಯಾಪಾರಿಗೆ ಮಾರಬಹುದು. ತೋಟ ನೋಡಿಕೊಳ್ಳೋ ಒಬ್ಬ ವಾರಸುದಾರ ಊರಲ್ಲೇ ಇದ್ದರೆ ಅವರ ಹೆಸರಿಗೆ ಮಾಡಿಸೋದು ಎಲ್ಲಕ್ಕಿಂತ ಸುಲಭ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಬೀಗ ಹಾಕೋ ಗಟ್ಟಿ ಕಪಾಟು ಇಲ್ಲದಿದ್ದರೆ ನಾನಂತೂ ತರಬೇಡಿ ಅಂತಲೇ ಹೇಳೋದು.

ನನಗೆ ಒಟ್ಟು ಒಂದು ವರ್ಷ ಎರಡು ತಿಂಗಳು ಹಿಡಿಯಿತು. ನಿಮ್ಮದು ಇನ್ನೂ ಬೇಗ ಆಗಲಿ. ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ: ಕೋವಿ ಎಲ್ಲಿದೆ, ಲೈಸೆನ್ಸ್ ಯಾರ ಹೆಸರಲ್ಲಿದೆ, ಎಲ್ಲಿಯವರೆಗೆ ಇದೆ? ಉತ್ತರ ಬರೆದಿಟ್ಟುಕೊಳ್ಳಿ.