ಬೇರಿನ ಮದ್ದು, ವಾರದ ರಜೆ

(ಗಚ್ಚಿಬೌಲಿಯ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನ ಐದಕ್ಕೆ ಒಲೆ ಹಚ್ಚಿ, ರಾತ್ರಿ ಹನ್ನೊಂದಕ್ಕೆ ಬಾಣಲೆ ತೊಳೆಯುವವರು ನಾವು. ಇಲ್ಲಿನ ಕಂಪ್ಯೂಟರ್ ಕಂಪೆನಿಯವರ ಊಟದ ಹೊತ್ತೇ ನಮ್ಮ ಓಟದ ಹೊತ್ತು. ದಣಿವು ಮೈಗೆ ಮಾತ್ರವಲ್ಲ, ನಾಲಿಗೆಗೂ ಹತ್ತುತ್ತದೆ. ಒಂದೇ ಕೋಣೆಯಲ್ಲಿ ಮಲಗುವ ಗೆಳೆಯನ ಮೇಲೆ ಹರಿಹಾಯುತ್ತೇವೆ. ಊರಿನಿಂದ ತಾಯಿಯ ಫೋನ್ ಬಂದರೆ ಎತ್ತುವುದಿಲ್ಲ. ಸಂಘದ ಸಭೆಗೆ ಬರಲೂ ಬೇಸರ.

ನಮ್ಮ ಕೋಣೆಯ ತಮ್ಮನೊಬ್ಬ, ದೋಸೆ ಹುಯ್ಯುವವನು, ಹೀಗೇ ಆದ. ನಾವೇ ದುಡ್ಡು ಕೂಡಿಸಿ ಅಶ್ವಗಂಧದ ಪುಡಿ ತಂದು ಹಾಲಿನಲ್ಲಿ ಕದಡಿ ಕೊಟ್ಟೆವು. ಸ್ವಲ್ಪ ನಿದ್ದೆ ಬಂತೆಂದ. ಹದಿನಾಲ್ಕು ಗಂಟೆಯ ದುಡಿಮೆ ಮಾತ್ರ ತಪ್ಪಲಿಲ್ಲ. ತಿಂಗಳೊಳಗೆ ಮತ್ತೆ ಅದೇ ಜಗಳ. ಒಂದು ಸಂಜೆ ಅವನೆಸೆದ ಸೌಟು ಬಡಿದು ಸಪ್ಲೈಯರ್ ಹುಡುಗನ ಹಣೆ ಒಡೆಯಿತು.

ಮದ್ದನ್ನು ಹಳಿಯಲು ನಾವು ನಿಂತಿಲ್ಲ. ಅಶ್ವಗಂಧವೆಂದರೆ ನಮ್ಮ ಹಳ್ಳಿಗಳ ಹಿರೇಮದ್ದು. ಅದರ ಬೇರಿನ ಸಾರವನ್ನು ಕೆಲವು ವಾರ ಕೊಟ್ಟು ನೋಡಿದ ಸಣ್ಣ ಪರೀಕ್ಷೆಗಳಲ್ಲಿ ಕಳವಳ ಇಳಿದು ನಿದ್ದೆ ಸುಧಾರಿಸಿದ್ದುಂಟು. ಆದರೆ ಕೆಲವರಿಗೆ ಯಕೃತ್ತು ಕೆಟ್ಟು ಕಾಮಾಲೆಯಾದದ್ದೂ ವೈದ್ಯರ ದಾಖಲೆಯಲ್ಲಿದೆ. 2023ರಲ್ಲಿ ಡೆನ್ಮಾರ್ಕ್ ದೇಶ ಅದನ್ನು ನಿಷೇಧಿಸಿತು. ಯಕೃತ್ತಿನ ರೋಗ, ಥೈರಾಯ್ಡ್ ತೊಂದರೆ ಇರುವವರು, ಬಸುರಿಯರು, ನಿದ್ದೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಒಂದೆಲಗದ ತಂಬುಳಿ ಊಟಕ್ಕೆ ಒಳ್ಳೆಯದು, ಉಣ್ಣೋಣ. ಸಿಟ್ಟಿಗೆ ಅದೊಂದೇ ಮದ್ದೆಂದು ನಂಬಿ ಕೂರುವುದು ಬೇಡ.

ಯಾವ ಬೇರೂ ರಜೆ ಕೊಡಲಾರದು. ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜೆ, ಮೀರಿದ ದುಡಿಮೆಗೆ ಇಮ್ಮಡಿ ಕೂಲಿ. ಇದು ಯಾರ ದಯೆಯೂ ಅಲ್ಲ, ಕಾನೂನು. ಹಣೆ ಒಡೆದ ಮರುದಿನ ನಾವು ಹನ್ನೊಂದು ಜನ ಒಟ್ಟಾಗಿ ಮಾಲೀಕರ ಮುಂದೆ ನಿಂತೆವು. "ಅವನನ್ನು ಬಿಡಿಸಬೇಡಿ, ಎಲ್ಲರಿಗೂ ಸರದಿಯ ರಜೆ ಕೊಡಿ" ಎಂದೆವು. ಹಣೆಗೆ ಪಟ್ಟಿ ಕಟ್ಟಿದ್ದ ಹುಡುಗನೂ ನಮ್ಮ ಜೊತೆಗಿದ್ದ. ರಜೆ ಸಿಕ್ಕಿತು. ಇಮ್ಮಡಿ ಕೂಲಿ ಇನ್ನೂ ಸಿಕ್ಕಿಲ್ಲ, ಬಿಟ್ಟೂ ಇಲ್ಲ.

ಮೊದಲ ರಜೆಯ ದಿನ ಆ ತಮ್ಮ ಸಂಜೆಯವರೆಗೆ ಮಲಗಿದ. ಮೂರನೆಯ ವಾರ ತಾನೇ ಚಹಾ ತಂದು ಆ ಹುಡುಗನ ಮುಂದಿಟ್ಟ.

ಮನಸ್ಸು ತೀರಾ ಕುಗ್ಗಿದವರು ನಾಚಬೇಡಿ. 14416ಕ್ಕೆ ಫೋನ್ ಮಾಡಿ. ಸರಕಾರ 2022ರಲ್ಲಿ ತೆರೆದ ಈ ಸೇವೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇ.ಎಸ್.ಐ. ಕಾರ್ಡಿದ್ದವರಿಗೆ ಸನತ್‌ನಗರದ ಆಸ್ಪತ್ರೆಯಿದೆ. ಕಾರ್ಡಿಲ್ಲದವರು ಸಭೆ ಮುಗಿದ ಮೇಲೆ ಹೆಸರು ಬರೆಸಿ.

ಪಕ್ಕದ ಹಾಸಿಗೆಯವನು ಮಾತು ಬಿಟ್ಟಿದ್ದರೆ, ಈ ರಾತ್ರಿಯೇ "ಏನಪ್ಪಾ, ಊಟ ಆಯ್ತಾ?" ಎಂದು ಕೇಳಿ. ನಮ್ಮ ಕೈಯಲ್ಲಿರುವ ಮೊದಲ ಮದ್ದು ಅದು.