ವೈದ್ಯರ ಮುಂದೆ ನಿಲ್ಲಲು ಏಕೆ ಅಂಜಿಕೆ?
(ಪೀಣ್ಯದ ಕಾರ್ಮಿಕರ ಹಾಗೂ ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)

ನಾನು ಮೇಷ್ಟ್ರಾಗಿದ್ದಾಗ ಚುಚ್ಚುಮದ್ದಿನ ದಿನ ಹೆಣ್ಣುಮಕ್ಕಳು ಅಳುತ್ತಲೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಗಂಡುಹುಡುಗರು ಕಾಂಪೌಂಡು ಹಾರುತ್ತಿದ್ದರು. ಅಂಥವರೇ ಈಗ ಲೇತಿನ ಮುಂದೆ ನಿಂತಿದ್ದಾರೆ. (ನಗು)

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಜಯದೇವ ಆಸ್ಪತ್ರೆಯ ಮುಂದೆ ನಿಂತ ಜನರ ಸಾಲು ನೆನಪಿದೆಯೇ? ಭಯ ಆರಿತು, ಸಾಲೂ ಕರಗಿತು. ಬೇರಿಂಗು ಕೆಟ್ಟರೆ ಸದ್ದು ಮಾಡುತ್ತದೆ. ರಕ್ತದೊತ್ತಡ ಸದ್ದಿಲ್ಲದೆ ಏರುತ್ತದೆ.

ಗಂಡಸಿಗೆ ಧೈರ್ಯ ಹೆಚ್ಚು, ಅದಕ್ಕೇ ಹೋಗುವುದಿಲ್ಲವೆನ್ನುತ್ತಾರೆ. ಸುಳ್ಳು. ಅರ್ಧ ದಿನದ ಕೂಲಿ ಹೋದೀತು, ರೋಗ ಸಿಕ್ಕರೆ ಕೆಲಸವೇ ಹೋದೀತು ಎಂಬ ಅಂಜಿಕೆ. ಅದನ್ನು ನಾನು ಹಂಗಿಸಲಾರೆ. ಆದರೆ ಲೆಕ್ಕ ನೋಡಿ. ಇ.ಎಸ್.ಐ.ಗೆ ನಿಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿಯುತ್ತಾರೆ. 18,000 ಪಡೆಯುವವನಿಗೆ ತಿಂಗಳಿಗೆ 135 ರೂಪಾಯಿ. ಹಣ ಕೊಟ್ಟೂ ಮೈ ತೋರಿಸದಿರುವುದು ಯಾವ ಜಾಣತನ?

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ 40 ದಾಟಿದ ಕಾರ್ಮಿಕರಿಗೆ ಮಾಲೀಕರು ವರ್ಷಕ್ಕೊಮ್ಮೆ ಉಚಿತ ತಪಾಸಣೆ ಮಾಡಿಸಬೇಕು. ಆ ಸಂಹಿತೆಗಳ ಮೇಲೆ ನಮ್ಮ ತಕರಾರು ಬೇರೆ ಇದೆ, ಇರಲಿ. ಇದನ್ನಂತೂ ಕೇಳಿ ಪಡೆಯಿರಿ. ತಪಾಸಣೆ ಪಾಳಿಯ ವೇಳೆಯಲ್ಲೇ ಆಗಲಿ, ವರದಿ ಆಫೀಸಿಗಲ್ಲ, ಕಾರ್ಮಿಕನ ಕೈಗೆ ಬರಲಿ ಎಂದು ಪಟ್ಟು ಹಿಡಿಯಿರಿ.

ಅಂಗಡಿಯ ಬಂಧುಗಳೇ, ತಕ್ಕಡಿಗೆ ಮುದ್ರೆ ಹಾಕಿಸಲು ನೀವು ಮರೆಯುವುದಿಲ್ಲ. 30 ದಾಟಿದವರ ರಕ್ತದೊತ್ತಡ, ಸಕ್ಕರೆಯನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡುತ್ತಾರೆ.

ನಿಜ ಹೇಳುತ್ತೇನೆ, ನಾನೂ ಇನ್ನೂ ತೋರಿಸಿಕೊಂಡಿಲ್ಲ. ಸೋಮವಾರ ಬೆಳಿಗ್ಗೆ ಹೋಗುವವನಿದ್ದೇನೆ. ಜೊತೆಗೆ ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಿ.