ಬಂದ ಗಿಡ, ಆರಿದ ಬೆಂಕಿ



ಚಾಮರಾಜನಗರದಿಂದ ಕ್ಯಾತದೇವರ ಗುಡಿಯ ದಾರಿ ಹಿಡಿದು ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ನಿಮ್ಮಲ್ಲಿ ಬಹಳ ಮಂದಿ ಇರಬಹುದು. ಮಳೆಗಾಲ ಮುಗಿದ ಮೇಲೆ ಆ ದಾರಿಯ ಎರಡೂ ಬದಿಗೆ ಆಳೆತ್ತರದ ಹಸಿರು ಒತ್ತೊತ್ತಾಗಿ ನಿಂತಿರುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದವರು ಎಂಥ ದಟ್ಟ ಕಾಡು ಎಂದು ಸಂತೋಷಪಡುತ್ತಾರೆ. ಆ ಹಸಿರಿನಲ್ಲಿ ಹೆಚ್ಚಿನದು ಲಂಟಾನ. ಅದರೊಳಗೆ ಮನುಷ್ಯ ನಡೆಯಲಾರ, ಕಡವೆ ಮೇಯಲಾರದು, ಹೊನ್ನೆಯ ಬೀಜ ಬಿದ್ದರೆ ಮೇಲೇಳಲು ಬೆಳಕಿಲ್ಲ. ಮೇಲೆ ಹಳೆಯ ಮರಗಳಿವೆ, ನಿಜ. ಅವುಗಳ ಕೆಳಗೆ ಅವುಗಳ ಮಕ್ಕಳಿಲ್ಲ.

ಈ ಗಿಡದ ಕತೆಯನ್ನು ಸಸ್ಯಶಾಸ್ತ್ರದ ಕತೆಯಾಗಿ ಹೇಳುವ ರೂಢಿ ನಮ್ಮಲ್ಲಿದೆ: ಹೊರಗಿನಿಂದ ಬಂತು, ಬೀಜ ಹರಡಿತು, ಕಾಡನ್ನು ಆವರಿಸಿತು. ಅದು ಅರ್ಧ ಕತೆ. ಬಿಳಿಗಿರಿಯ ಕಾಡಿಗೆ ಒಂದು ಗಿಡ ಬಂದ ಕಾಲದಲ್ಲೇ ಆ ಕಾಡನ್ನು ನೋಡಿಕೊಳ್ಳುತ್ತಿದ್ದ ಸೋಲಿಗ ಆದಿವಾಸಿಗಳ ಕೈಗಳನ್ನು ಹಿಂದಕ್ಕೆ ಎಳೆಯಲಾಯಿತು. ಎರಡನ್ನೂ ತಂದದ್ದು ಒಂದೇ ಆಳ್ವಿಕೆ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಓದುವವರೆಗೆ ನಮಗೆ ಲಂಟಾನವೂ ಅರ್ಥವಾಗುವುದಿಲ್ಲ, ಸೋಲಿಗರೂ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ, ಯಾವುದರಿಂದ ಏನು ಹುಟ್ಟುವಳಿ ಎಂದು ನೋಡಿ ಬರಲು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಕಳುಹಿಸಿದ. ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಆತನ ವರದಿ 1807ರಲ್ಲಿ ಅಚ್ಚಾಯಿತು. ನಮ್ಮ ಸೀಮೆಯ ಚರಿತ್ರೆ ಬರೆಯುವ ಯಾರೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ಅದರಲ್ಲಿ ಸೋಲಿಗರೂ ಬರುತ್ತಾರೆ. ಹಳೆಯ ಬಗೆಯ ಕನ್ನಡವಾಡುವವರು, ಮೈಮೇಲೆ ಬಟ್ಟೆಯಿಲ್ಲದವರು, ಬೆಂಕಿಯ ಸುತ್ತ ಬಾಳೆ ಎಲೆ ಹಾಸಿ ಮಲಗುವವರು, ಬಿದಿರು ಬಾಗಿಸಿ ಬಾಳೆ ಎಲೆ ಹೊದಿಸಿದ ಗುಡಿಸಲಿನವರು ಎಂದು ಆತ ಬರೆಯುತ್ತಾನೆ. ಕಂಡದ್ದನ್ನೇ ಬರೆದಿದ್ದಾನೆ. ಆದರೆ ಸೋಲಿಗರ ಬೆಂಕಿ ಆತನಿಗೆ ಕಂಡದ್ದು ಮಲಗುವ ಜಾಗದ ಸುತ್ತ ಮಾತ್ರ. ಅದೇ ಜನ ಕಾಡಿಗೆ ಹಾಕುತ್ತಿದ್ದ ಬೆಂಕಿ ಹುಟ್ಟುವಳಿಯ ಪಟ್ಟಿಯಲ್ಲಿ ಸೇರುವಂಥದ್ದಲ್ಲ.

ಲಂಟಾನ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ. ಕೆಲವೇ ವರ್ಷಗಳ ನಂತರ, 1814ರಲ್ಲಿ, ಅದೇ ತೋಟದ ಮೇಲ್ವಿಚಾರಣೆ ಇದೇ ಬುಕಾನನ್ನನ ಕೈಗೆ ಬಂತು. ಸೋಲಿಗರ ವಿವರವನ್ನು ಇಂಗ್ಲಿಷಿನಲ್ಲಿ ದಾಖಲಿಸಿದ ಮನುಷ್ಯನೂ ಅವರ ಕಾಡನ್ನು ಮುಂದೆ ಕಟ್ಟಿಹಾಕಿದ ಗಿಡವೂ ಒಂದೇ ತೋಟದಲ್ಲಿದ್ದರು. ಇದರಲ್ಲಿ ಯಾರ ಸಂಚೂ ಇಲ್ಲ. ಒಂದು ಸಾಮ್ರಾಜ್ಯ ಹೇಗೆ ಯೋಚಿಸುತ್ತಿತ್ತು ಎಂಬುದು ಮಾತ್ರ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ. ಚೆಲುವಾಗಿದ್ದರೆ ಬೇಲಿಗೆ, ಬೆಲೆಯಿದ್ದರೆ ಹಡಗಿಗೆ.

ಲಂಟಾನದ ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಬ್ರೆಜಿಲಿನಿಂದ ಅದನ್ನು ಯುರೋಪಿಗೆ ಒಯ್ದರು. ಅಲ್ಲಿನ ಗಾಜಿನ ಮನೆಗಳಲ್ಲಿ ತೋಟಗಾರರು ಬಣ್ಣಕ್ಕಾಗಿ ತಳಿಯ ಮೇಲೆ ತಳಿ ಬೆರೆಸಿದರು. ಹಾಗಾಗಿ ನಮಗೆ ತಲುಪಿದ್ದು ಯಾವ ಕಾಡಿನ ಗಿಡವೂ ಅಲ್ಲ, ಮನುಷ್ಯ ಮಾಡಿದ ಬೆರಕೆ. 1921ರಲ್ಲಿ ಇದನ್ನು ಹತ್ತಿಕ್ಕಲು ಹವಾಯಿಯಿಂದ ಒಂದು ನೊಣವನ್ನು ತರಿಸಿದರು, 1941ರಲ್ಲಿ ಒಂದು ತಿಗಣೆಯನ್ನು. ಎರಡರಿಂದಲೂ ಗಿಡ ಬಗ್ಗಲಿಲ್ಲ. ತವರು ಕಾಡೇ ಇಲ್ಲದ ಗಿಡಕ್ಕೆ ತವರಿನ ಶತ್ರುವನ್ನು ಹುಡುಕುವುದು ಕಷ್ಟ ಎಂದು ಬಲ್ಲವರು ವಿವರಿಸುತ್ತಾರೆ.

ವಸಾಹತುಗಾರ ಎಂದೂ ಒಬ್ಬನೇ ಬರುವುದಿಲ್ಲ, ತನ್ನ ದನ, ಹುಲ್ಲು, ಇಲಿ, ರೋಗಗಳೊಂದಿಗೆ ಬರುತ್ತಾನೆ ಎಂದು ಇತಿಹಾಸಕಾರ ಆಲ್ಫ್ರೆಡ್ ಕ್ರಾಸ್ಬಿ 1986ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಅವರ ಮುಖ್ಯ ನಿದರ್ಶನಗಳು ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್: ಬಿಳಿಯರು ಲಕ್ಷಗಟ್ಟಲೆ ಬಂದು ನೆಲೆನಿಂತ ನಾಡುಗಳು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಖುಷಿಗಾಗಿ ವಿಕ್ಟೋರಿಯ ಸೀಮೆಯ ತನ್ನ ಎಸ್ಟೇಟಿನಲ್ಲಿ ಇಂಗ್ಲೆಂಡಿನ ಮೊಲಗಳನ್ನು ಬಿಟ್ಟ. ಕೆಲವೇ ದಶಕಗಳಲ್ಲಿ ಖಂಡದ ಹಲವೆಡೆ ಹುಲ್ಲನ್ನು ಮೊಲಗಳು ಬೋಳಿಸಿದವು. ನಮ್ಮಲ್ಲಿ ಹಾಗಾಗಲಿಲ್ಲ, ಇಲ್ಲಿ ನೆಲೆಸಿದ ಬಿಳಿಯರು ಕೆಲವರೇ, ಕೊನೆಗೆ ಅವರೂ ಹೊರಟು ಹೋದರು ಎಂಬ ಮಾತನ್ನು ಕೇಳಿದ್ದೇನೆ. ಬಿಳಿಯರು ಹೋದದ್ದು ನಿಜ. ಅವರು ನೆಟ್ಟದ್ದು ಹೋಗಲಿಲ್ಲ, ಅವರು ಬರೆದ ಕಾನೂನೂ ಹೋಗಲಿಲ್ಲ.

ಬಯಲುಸೀಮೆಯ ಬಳ್ಳಾರಿ ಜಾಲಿಯನ್ನೇ ನೋಡಿ. 1876ರ ಸುಮಾರಿಗೆ ಮದರಾಸು ಆಧಿಪತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಅದರ ಬೀಜ ಬೇಕೆಂದು ಬರೆದ. ಜಮೈಕಾದ ಬೀಜ ಬಂತು, ಕಡಪ ಸೀಮೆಯಲ್ಲಿ ಬಿತ್ತಿದರು. ಉರುವಲು ಸಿಕ್ಕಿತು, ಇಲ್ಲವೆನ್ನಲಾರೆ. ಇವತ್ತಿಗೂ ಎಷ್ಟೋ ಬಡವರ ಒಲೆಗೆ ಅದೇ ಸೌದೆ. ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ಅದೇ ನುಂಗಿತು.

ಇನ್ನು ನೀಲಗಿರಿ. ಅಲ್ಲಿ ನೆಲೆಸುವ ಆಸೆಯೇ ಎದ್ದು ಕಾಣುತ್ತದೆ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಮೇಲೇರಿ ಹೋದ. ಕೆಲವೇ ವರ್ಷಗಳಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಿಕೊಂಡ. ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲು ಆಳುವವರ ಕಣ್ಣಿಗೆ ಮರವಿಲ್ಲದ ಬರಡು ಜಾಗವಾಗಿ ಕಂಡಿತು. ಆಸ್ಟ್ರೇಲಿಯದಿಂದ ನೀಲಗಿರಿ ಮರ, ವ್ಯಾಟಲ್ ಬಂದವು. ನಾವು ಬಹಳ ಸಲ ಮರೆಯುವ ಮಾತೊಂದಿದೆ: ಆ ಹುಲ್ಲಿನ ಮೇಲೆ ವ್ಯಾಟಲನ್ನು ದೊಡ್ಡ ಪ್ರಮಾಣದಲ್ಲಿ ನೆಟ್ಟದ್ದು ಸ್ವಾತಂತ್ರ್ಯ ಬಂದ ಮೇಲಿನ ನಮ್ಮದೇ ಇಲಾಖೆಗಳು, ಚರ್ಮ ಹದಮಾಡಲು, ನಾರಿನ ಕಾರ್ಖಾನೆಗಳಿಗೆ ಒದಗಿಸಲು. ಪಳನಿ ಬೆಟ್ಟಗಳಲ್ಲಿಯೂ 1973ರಿಂದ 2014ರೊಳಗೆ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಕಾಣೆಯಾಯಿತೆಂದು ಉಪಗ್ರಹ ಚಿತ್ರಗಳ ಅಧ್ಯಯನ ತೋರಿಸಿದೆ. ಆಳುವವರು ಬದಲಾದರು, ನೋಡುವ ಕಣ್ಣು ಬದಲಾಗಲಿಲ್ಲ.

ಬಿಳಿಗಿರಿಗೆ ಮರಳುತ್ತೇನೆ, ನನಗೆ ಮುಖ್ಯವಾಗಿ ಹೇಳಬೇಕಾದದ್ದು ಅಲ್ಲಿಯದೇ. ಸೋಲಿಗರು ಇಲ್ಲಿ ಬೇಟೆಗಾರರು, ಜೇನು ಇಳಿಸುವವರು ಮಾತ್ರ ಆಗಿರಲಿಲ್ಲ. ರಾಗಿ, ಅವರೆ, ಸಾಸಿವೆಗಳನ್ನು ಬೆಳೆದು, ಕೆಲವು ವರ್ಷಕ್ಕೆ ಜಾಗ ಬಿಟ್ಟು, ಹಳೆಯ ಹೊಲವನ್ನು ಕಾಡಿಗೆ ಹಿಂದಿರುಗಿಸುತ್ತಿದ್ದರು. ದೇವರ ಜಾಗಗಳನ್ನು ಕುಲಕುಲಕ್ಕೆ ಹಂಚಿಕೊಂಡಿದ್ದರು. ದೊಡ್ಡಸಂಪಿಗೆಯ ಮರ ಇಂದಿಗೂ ಅವರ ಪೂಜೆಯಲ್ಲಿದೆ. ಬೆಟ್ಟದ ದೇವರು ರಂಗಸ್ವಾಮಿ ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಕಾರಣಕ್ಕೆ ಅವರಿಗೆ ಬಾವ. ಬೇಸಿಗೆ ಬಲಿಯುವ ಮುನ್ನ, ಹುಲ್ಲು ಅರೆ ಒಣಗಿದ್ದಾಗ, ಅವರು ಕಾಡಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಒಣಗಿ ಬಿದ್ದ ಎಲೆ, ಸತ್ತ ಹುಲ್ಲು ಉರಿದುಹೋಗುತ್ತದೆ. ಮರದ ತೊಗಟೆ ಕಪ್ಪಾಗುತ್ತದೆ, ಮರಕ್ಕೆ ಏನೂ ಆಗುವುದಿಲ್ಲ. ಮೊದಲ ಮಳೆಗೆ ಎಳೆ ಹುಲ್ಲು ಚಿಗುರುತ್ತದೆ, ಕಾಡೆಮ್ಮೆ, ಕಡವೆ, ಜಿಂಕೆಗಳು ಅದಕ್ಕೆ ಬರುತ್ತವೆ. ನೂರೆ ಗೆಣಸಿನ ಬಳ್ಳಿ ಎಲ್ಲಿದೆ ಎಂದು ಅಗೆಯುವವರಿಗೆ ಕಾಣುತ್ತದೆ.

ಆಗ ಈ ಬೆಟ್ಟಸಾಲಿನ ಒಂದು ಪಾಲು ಮದರಾಸಿನ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು, ಇನ್ನೊಂದು ಮೈಸೂರಿನಲ್ಲಿ. 1864ರಲ್ಲಿ ಬ್ರಿಟಿಷರ ಅರಣ್ಯ ಇಲಾಖೆ ಹುಟ್ಟಿತು. 1878ರ ಭಾರತೀಯ ಅರಣ್ಯ ಕಾಯ್ದೆ, 1882ರ ಮದರಾಸು ಅರಣ್ಯ ಕಾಯ್ದೆ ಒಂದರ ಹಿಂದೆ ಒಂದು ಬಂದವು. ಕಾಯ್ದಿಟ್ಟ ಕಾಡಿಗೆ ಬೆಂಕಿ ಇಡುವುದು ಅಪರಾಧವಾಯಿತು. ಮರ ಆದಾಯವಾಗಿದ್ದಾಗ ಬೆಂಕಿ ನಷ್ಟವಾಗಿಯೇ ಕಾಣಬೇಕಲ್ಲವೆ? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅತ್ತಿಕಾನು, ಹೊನ್ನಮೇಟಿಗಳಲ್ಲಿ ಮಾರಿಸ್ ಮನೆತನದ ಕಾಫಿ ತೋಟಗಳೆದ್ದವು. ತೋಟಕ್ಕೆ ಕಾಡು ಕಡಿಯಬಹುದಿತ್ತು, ತರಗಿಗೆ ಬೆಂಕಿ ಇಡುವಂತಿರಲಿಲ್ಲ.

ಹಾಗಿದ್ದರೂ ಕಾಡಿನ ಒಳಭಾಗಗಳಲ್ಲಿ ತರಗು ಬೆಂಕಿ ಬಹುಕಾಲ ಉಳಿದುಕೊಂಡಿತ್ತು. ಅದು ಪೂರ್ತಿ ನಿಂತದ್ದು 1974ರಲ್ಲಿ ಬಿಳಿಗಿರಿ ವನ್ಯಜೀವಿ ಧಾಮವಾದ ನಂತರ. ಹೊಲ ಬದಲಿಸುವ ಬೇಸಾಯ ನಿಂತಿತು, ಜನರನ್ನು ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ಒಂದೆಡೆ ನೆಲೆಗೊಳಿಸಿದರು. ಲಂಟಾನ ಕಾಡಿನೊಳಕ್ಕೆ ಅಬ್ಬರದಿಂದ ಏರಿ ಬಂದದ್ದು ಆ ಮೇಲೆಯೇ ಎಂದು ಪೋಡಿನ ಹಿರಿಯರು ಹೇಳುತ್ತಾರೆ. ಮೊದಲು ದಾರಿಯಂಚಿನಲ್ಲಿ ಅಲ್ಲೊಂದು ಇಲ್ಲೊಂದು ಇತ್ತು. ವರ್ಷ ವರ್ಷದ ಬೆಂಕಿ ಅದರ ಸಸಿಗಳನ್ನು ಮುಗಿಸುತ್ತಿತ್ತು. ಬೆಂಕಿ ನಿಂತಿತು, ಪಿಕಳಾರಗಳು ಹಣ್ಣು ತಿಂದು ಹರಡಿದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇದೇ ಕಾಡಿನಲ್ಲಿ ಗುರುತು ಹಾಕಿದ ತುಂಡುಗಳನ್ನು ಹನ್ನೊಂದು ವರ್ಷದ ಅಂತರದಲ್ಲಿ ಎರಡು ಬಾರಿ ನೋಡಿದ್ದಾರೆ. 1997ರಲ್ಲಿ ಶೇ. 41ರಷ್ಟು ತುಂಡುಗಳಲ್ಲಿ ಲಂಟಾನವಿತ್ತು, 2008ರಲ್ಲಿ ಶೇ. 81ರಲ್ಲಿ.

ನೆಲ್ಲಿಯ ಸಂಗತಿ ಇನ್ನೂ ಮುಖ್ಯ, ಏಕೆಂದರೆ ಅದರಲ್ಲಿ ಹೊರಗಿನ ಗಿಡದ ಮಾತೇ ಇಲ್ಲ. ಬೆಟ್ಟದ ನೆಲ್ಲಿ ಮರಗಳು ಸೊರಗುತ್ತಿವೆ. ಕಾಯಿ ಕೊಯ್ಯುವವರು ಸೋಲಿಗರು, ಆದ್ದರಿಂದ ತಪ್ಪೂ ಅವರದೇ ಎನ್ನುವುದು ಸುಲಭ. ಸೋಲಿಗರು ತೋರಿಸಿದ್ದು ಬೇರೆ ಕಾರಣವನ್ನು: ಮರದ ಮೇಲೆ ಬೇರು ಬಿಟ್ಟು ರಸ ಹೀರುವ ಉಪ್ಪಿಲು. ತರಗು ಬೆಂಕಿಯ ಹೊಗೆ, ಝಳಕ್ಕೆ ಉಪ್ಪಿಲು ತಗ್ಗುತ್ತಿತ್ತು. ಬೆಂಕಿ ನಿಂತ ಮೇಲೆ ಕೊಂಬೆಕೊಂಬೆಗೂ ಹತ್ತಿತು. ಆಮೇಲೆ ನಡೆದ ವೈಜ್ಞಾನಿಕ ಅಧ್ಯಯನವೂ ಅವರ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. ಉಪ್ಪಿಲು ಇದೇ ಕಾಡಿನದು, ಎಂದಿನಿಂದಲೂ ಇದ್ದದ್ದು. ಅಂಕೆ ತಪ್ಪಿದಾಗ ಮನೆಯದೇ ಮಾರಿಯಾಯಿತು. ಗಿಡದ ಮೂಲ ದೇಶವನ್ನಷ್ಟೇ ದೂರುತ್ತ ಕುಳಿತರೆ ಇದನ್ನು ವಿವರಿಸಲು ಆಗುವುದಿಲ್ಲ.

ಹಾಗಾದರೆ ನಾಳೆಯೇ ಬೆಂಕಿ ಇಡೋಣವೇ ಎಂದು ಕೇಳುವವರಿದ್ದಾರೆ. ಕೂಡದು. ಆಳೆತ್ತರದ ಲಂಟಾನ ಮರದ ನೆತ್ತಿಯವರೆಗೆ ಹಬ್ಬಿ ನಿಂತಿರುವಾಗ ಅದರ ಬುಡಕ್ಕೆ ಕಿಡಿ ಬಿದ್ದರೆ ಉರಿ ಏಣಿ ಹತ್ತಿದಂತೆ ಹತ್ತಿ ಮರವನ್ನೇ ಸುಡುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಉರಿದ ಮೇಲೆ ಅದೇ ಲಂಟಾನ ಬುಡದಿಂದ ಚಿಗುರಿ ಮೊದಲಿಗಿಂತ ದಟ್ಟವಾಗುತ್ತದೆ. ಸಣ್ಣ ಬೆಂಕಿಯನ್ನು ದಶಕಗಳ ಕಾಲ ತಡೆದುದರಿಂದ ದೊಡ್ಡ ಬೆಂಕಿಗೆ ಸೌದೆ ಒಟ್ಟಿದಂತಾಯಿತು. ತರಗು ಬೆಂಕಿ ಮರಳಬೇಕಾದರೆ ಮೊದಲು ಕೈಯಿಂದ ಬುಡ ಕಿತ್ತು ಜಾಗ ತೆರವಾಗಬೇಕು.

ಕೀಳುವ ಕೆಲಸ ನಡೆದಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತ ಕುಟುಂಬಗಳಿವೆ. ಗೂಡಲೂರು ಸೀಮೆಯ ಆದಿವಾಸಿಗಳು ಅದರಿಂದ ಹೆಣೆದ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಆ ಕೈಗಳ ಕುಶಲತೆಗೆ ನನ್ನ ನಮಸ್ಕಾರ. ಆದರೆ ದೇಶದ ಒಂದೂವರೆ ಲಕ್ಷ ಚದರ ಕಿಲೋಮೀಟರಿನಷ್ಟು ಕಾಡನ್ನು ಲಂಟಾನ ಆವರಿಸಿದೆ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿರುವಾಗ ಕುರ್ಚಿಯಿಂದ ಕಾಡು ಉಳಿಯುತ್ತದೆಂದು ನಾನು ನಂಬಲಾರೆ. ಕಿತ್ತ ಜಾಗಕ್ಕೆ ಮರುವರ್ಷ, ಅದರ ಮರುವರ್ಷ ಹೋಗಿ ಹೊಸ ಸಸಿ ತೆಗೆಯಬೇಕು, ಹುಲ್ಲು ಬರಿಸಬೇಕು. ಹೋಗದಿದ್ದರೆ ಲಂಟಾನವೇ ಮರಳುತ್ತದೆ, ಅಥವಾ ಹಳದಿ ಹೂವಿನ ಸೆನ್ನಾ ಬರುತ್ತದೆ. ಅದೂ ಅಮೆರಿಕ ಖಂಡದ್ದೇ. ವಯನಾಡಿನಲ್ಲಿ ನೆರಳಿಗೆಂದು ನೆಟ್ಟದ್ದು ಈಗ ನಾಗರಹೊಳೆಗೂ ಬಿಳಿಗಿರಿಗೂ ಬಂದಿದೆ. ಹೀಗೆ ವರ್ಷವರ್ಷವೂ ಒಂದೇ ಜಾಗಕ್ಕೆ ಹೋಗುವುದು ಹೊರಗಿನಿಂದ ಲಾರಿಯಲ್ಲಿ ಬರುವ ಕೂಲಿಯಾಳುಗಳಿಂದ ಆಗದು. ಅಲ್ಲೇ ಹುಟ್ಟಿ ಅಲ್ಲೇ ಇರುವವರಿಂದ ಆಗುತ್ತದೆ.

ಅದಕ್ಕೆ ಕಾನೂನಿನ ಬಲವೂ ಈಗ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ, ತಮ್ಮ ಸಾಮುದಾಯಿಕ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕು ಜನರದೆಂದು ಹೇಳುತ್ತದೆ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಆ ಹಕ್ಕು ದೊರೆಯಿತು. ಹುಲಿ ಕಾಡಿನೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಜನರಿದ್ದರೆ ಹುಲಿ ಉಳಿಯದು ಎಂಬ ಭಯಕ್ಕೆ ಆ ಕಾಡೇ ಉತ್ತರ ಹೇಳಿದೆ: 2010ರಲ್ಲಿ 35 ಎಂದು ಅಂದಾಜಿಸಿದ್ದ ಹುಲಿಗಳು 2014ರಲ್ಲಿ 68 ಆಗಿದ್ದವು. ಹಕ್ಕುಪತ್ರ ಕೈಯಲ್ಲಿದ್ದೂ ಬೆಂಕಿಯ ವಿಷಯದಲ್ಲಿ ಮಾತ್ರ ಹಳೆಯ ನಿಷೇಧವೇ ಮುಂದುವರಿದಿದೆ. 1972ರ ವನ್ಯಜೀವಿ ಕಾಯ್ದೆಯಲ್ಲೂ ಧಾಮದೊಳಗೆ ಬೆಂಕಿ ಇಡುವುದು ಅಪರಾಧವೇ.

ಲಂಟಾನ ತೆಗೆಯುವ ಹಣವೂ ಹೊಣೆಯೂ ಗ್ರಾಮಸಭೆಗಳ ಕೈಗೆ ಬರಲಿ, ಕೂಲಿ ಒಂದು ಋತುವಿಗೆ ಮುಗಿಯದೆ ಐದಾರು ವರ್ಷ ನಡೆಯಲಿ ಎಂಬುದು ನನ್ನ ಬೇಡಿಕೆ. ಹಾಗೆ ತೆರವಾದ ಕೆಲವು ಎಕರೆಗಳಲ್ಲಿ ಸೋಲಿಗರು, ಇಲಾಖೆಯವರು, ಪರಿಸರ ವಿಜ್ಞಾನಿಗಳು ಒಟ್ಟಿಗೆ ನಿಂತು, ಬೆಂಕಿರೇಖೆ ಹಾಕಿಕೊಂಡು, ಹುಲ್ಲು ಅರೆ ಒಣಗಿದ ಹೊತ್ತಿನಲ್ಲಿ ತರಗು ಬೆಂಕಿ ಇಟ್ಟು ನೋಡಲಿ. ಸರಕಾರ ಅದಕ್ಕೆ ಕಾನೂನಿನೊಳಗೆ ದಾರಿ ಮಾಡಿಕೊಡಲಿ. ಜಾಗವನ್ನೂ ದಿನವನ್ನೂ ಪೋಡಿನವರು ಗೊತ್ತುಮಾಡಲಿ. ಗಾಳಿ ಯಾವ ಕಡೆಯಿಂದ ಬೀಸಿದರೆ ಇಡಬೇಕು, ಯಾವ ಹಳ್ಳದ ಅಂಚಿನಲ್ಲಿ ತಾನೇ ಆರುತ್ತದೆ ಎಂಬುದು ಯಾವ ಇಲಾಖೆಯ ಕಡತದಲ್ಲೂ ಇಲ್ಲ. ಅದನ್ನು ಕೈಯಾರೆ ಮಾಡಿ ಬಲ್ಲವರು 1974ಕ್ಕೆ ಮುಂಚೆ ಬೆಟ್ಟದಲ್ಲಿ ಪ್ರಾಯಕ್ಕೆ ಬಂದಿದ್ದವರು. ಅವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಆ ಮೊದಲ ಬೆಂಕಿಯನ್ನು ಅವರ ಕೈಯಿಂದಲೇ ಇಡಿಸಿ, ಪಕ್ಕದಲ್ಲಿ ಪೋಡಿನ ಹುಡುಗ ಹುಡುಗಿಯರನ್ನು ನಿಲ್ಲಿಸಬೇಕು. ಇದು ಮುಂದಿನ ಬೇಸಿಗೆಗೇ ಆಗಬೇಕಾದ ಕೆಲಸ.